ಮೀಥೇನಿಗೆ ಕ್ಲೋರಿನ್ನಿನ ಒತ್ತಾಸೆ

ನವಲಗುಂದ, ಕುಂದಗೋಳದ ಹಿತ್ತಿಲಿನ ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೀಥೇನ್. 2013ರಲ್ಲಿ ಶುರುವಾದ ದಾಭೋಳ–ಬೆಂಗಳೂರು ಗೇಲ್ ಕೊಳವೆಮಾರ್ಗ ಧಾರವಾಡ ಜಿಲ್ಲೆಯನ್ನು ಹಾದು ಒಯ್ಯುವುದೂ ಬಹುಪಾಲು ಅದನ್ನೇ. ಎರಡರದೂ ಕೊನೆಗೆ ಉರಿದುಹೋಗುವ ಹಣೆಬರಹ. ಹನಿ ನೀರಾವರಿಯ ಪೈಪಿಗೆ ಬೇಕಾದ ಎಥಿಲೀನನ್ನು ಇದೇ ಮೀಥೇನಿನಿಂದ ನೇರವಾಗಿ ತೆಗೆಯಬಹುದೇ ಎಂಬ ಹುಡುಕಾಟಕ್ಕೆ ನಲವತ್ತು ವರ್ಷ ದಾಟಿದೆ.

1982ರಲ್ಲಿ ಯೂನಿಯನ್ ಕಾರ್ಬೈಡಿನ ಕೆಲ್ಲರ್ ಮತ್ತು ಭಾಸಿನ್ ಹಲವು ಲೋಹದ ಆಕ್ಸೈಡುಗಳನ್ನು ಕ್ರಿಯಾವರ್ಧಕಗಳಾಗಿ ಪರೀಕ್ಷಿಸಿ ಈ ದಾರಿ ತೆರೆದರು. 1985ರಲ್ಲಿ ಲನ್ಸ್‌ಫರ್ಡ್ ಬಳಗ ಮ್ಯಾಗ್ನೇಷಿಯಂ ಆಕ್ಸೈಡಿಗೆ ಲಿಥಿಯಂ ಬೆರೆಸಿತು. ನಮಗೆ ಹತ್ತಿರದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ವಿ. ಆರ್. ಚೌಧರಿ ಮತ್ತು ಸಂಗಡಿಗರು ಲ್ಯಾಂಥನಮ್ ಬೆರೆಸಿ ನೋಡಿದರು. ತೊಡಕು ಎಲ್ಲರದೂ ಒಂದೇ. 700–800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುಟ್ಟಿದ ಎಥಿಲೀನ್ ಕ್ರಿಯೆಗೆಂದೇ ಕೊಟ್ಟ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ.

1986ರಲ್ಲಿ ಜಪಾನಿನ ಒತ್ಸುಕಾ ಮ್ಯಾಂಗನೀಸಿನಂಥ ಲೋಹಗಳ ಆಕ್ಸೈಡಿಗೆ ಲಿಥಿಯಂ ಕ್ಲೋರೈಡ್ ಸೇರಿಸಿದರು. ಬರಿಯ ಆಕ್ಸೈಡಿನ ಮೇಲೆ ಸುಟ್ಟುಹೋಗುತ್ತಿದ್ದ ಮೀಥೇನ್ ಈಗ ಎಥಿಲೀನ್ ಆಗತೊಡಗಿತು, ಅದೂ ನಡುವಿನ ಹಂತವಾದ ಈಥೇನಿಗಿಂತ ಹೆಚ್ಚಾಗಿ. ಕಾರಣದ ಒಂದು ಎಳೆ ಬಂಧಗಳ ಬಲದಲ್ಲಿದೆ. ಒಂದು ಹೈಡ್ರೋಜನ್ ಕಿತ್ತುಕೊಳ್ಳಲು ಮೀಥೇನಿಗೆ ಪ್ರತಿ ಮೋಲಿಗೆ ಸುಮಾರು 439 ಕಿಲೊಜೂಲ್ ಬೇಕು, ಈಥೇನಿಗೆ 423, ಎಥಿಲೀನಿಗೆ 464. ಆ ಹೈಡ್ರೋಜನ್ ಕ್ಲೋರಿನ್ ಪರಮಾಣುವಿಗೆ ಅಂಟಿಕೊಂಡಾಗ ಮರಳಿ ಸಿಗುವುದು 431. ಹಾಗಾಗಿ ಕ್ಲೋರಿನ್ ಈಥೇನನ್ನು ಸಲೀಸಾಗಿ ಎಥಿಲೀನಿನತ್ತ ದೂಡುತ್ತದೆ. ಎಥಿಲೀನಿನ ಹೈಡ್ರೋಜನ್ನಿಗೆ ಅಷ್ಟು ಸುಲಭವಾಗಿ ಕೈಹಾಕುವುದಿಲ್ಲ. ಇಷ್ಟು ಸಣ್ಣ ಅಂಕಿಗಳ ಅಂತರ ಇಡೀ ಕ್ರಿಯೆಯ ದಿಕ್ಕನ್ನೇ ತಿರುಗಿಸುವುದು ನನಗೆ ಇಂದಿಗೂ ಬೆರಗು. ಇದರ ಜೊತೆಗೆ ಕ್ಲೋರೈಡ್ ಮೇಲ್ಮೈಯ ಸುಡುವ ಗುಣವನ್ನೂ ತಗ್ಗಿಸುತ್ತದೆ. 1989ರ ಹೊತ್ತಿಗೆ ಇಂಗ್ಲೆಂಡಿನ ಬರ್ಚ್ ಮತ್ತು ಸಂಗಡಿಗರು ಕ್ಲೋರಿನ್ನಿನ ಪಾತ್ರವನ್ನೇ ಮುಂದಿಟ್ಟುಕೊಂಡು ಬರೆದರು.

ಆದರೆ ಕ್ಲೋರಿನ್ ನಿಲ್ಲುವುದಿಲ್ಲ. ಕ್ರಿಯೆಯಲ್ಲೇ ಹುಟ್ಟುವ ನೀರಿನ ಆವಿ ಅದನ್ನು ಹೈಡ್ರೋಜನ್ ಕ್ಲೋರೈಡ್ ಮಾಡಿ ಹೊರಗೆ ಒಯ್ಯುತ್ತದೆ, ಫಲವೂ ಇಳಿಯುತ್ತದೆ. ಕೆನಡಾದ ಮೊಫಟ್ ಬಳಗ ಮೀಥೇನಿನ ಜೊತೆಗೇ ಚೂರು ಕಾರ್ಬನ್ ಟೆಟ್ರಾಕ್ಲೋರೈಡ್ ಹಾಯಿಸಿ ಫಲ ಹೆಚ್ಚಿಸಿತು. ಹಾಗೆ ಹಾಯಿಸುತ್ತಲೇ ಇರಬೇಕಾದರೆ ಕ್ಲೋರಿನ್ನನ್ನು ಕ್ರಿಯಾವರ್ಧಕದ ಭಾಗ ಎನ್ನುವುದು ಕಷ್ಟ. ಅದು ಹೊಲಕ್ಕೆ ಹಂಗಾಮಿಗೊಮ್ಮೆ ಹಾಕುವ ಯೂರಿಯಾ ಇದ್ದಂತೆ. ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

1992ರಲ್ಲಿ ಚೀನಾದಿಂದ ಬಂದ ಮ್ಯಾಂಗನೀಸ್–ಸೋಡಿಯಂ ಟಂಗ್‌ಸ್ಟೇಟ್–ಸಿಲಿಕಾ ಮಿಶ್ರಣ ಕ್ಲೋರಿನ್ ಇಲ್ಲದೆಯೇ ಚೆನ್ನಾಗಿ ಬಾಳಿತು. ಆಸಕ್ತಿ ಅತ್ತ ಹರಿಯಿತು, ಅದು ಸರಿಯಾದದ್ದೇ. ಆದರೂ 2015ರಲ್ಲಿ ಜಪಾನಿನ ಹಿಯೋಶಿ ಮತ್ತು ಇಕೆಡಾ ಅದೇ ಮಿಶ್ರಣಕ್ಕೆ ಕ್ಷಾರ ಕ್ಲೋರೈಡ್ ಸೇರಿಸಿ, ಕರಗಿದ ಲವಣದಿಂದ ಫಲ ಇನ್ನೂ ಹೆಚ್ಚುವುದನ್ನು ತೋರಿಸಿದರು. ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಇಳುವರಿಯ ಅಂಕಿಯನ್ನಲ್ಲ, ಓಡಿಸಿದ ಗಂಟೆಗಳನ್ನು. ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಕ್ಲೋರೈಡ್ ಎಷ್ಟು ಎಂದು ಅಳೆದಿದ್ದಾರೆಯೇ, ತಣ್ಣಗಾದ ಮೇಲೆ ನೀರಿನೊಡನೆ ಆಮ್ಲವಾಗಿ ಅದು ಉಕ್ಕಿನ ಕೊಳವೆಯನ್ನು ತಿನ್ನದಂತೆ ಏನು ಏರ್ಪಾಡು ಮಾಡಿದ್ದಾರೆ ಎಂಬುದು ಆಮೇಲೆ ಕೇಳುವ ಪ್ರಶ್ನೆ.