ಬೆಕ್ಕುಗಳ ಪ್ರಯಾಣಭೀತಿ

ಬೆಕ್ಕುಗಳ ಪ್ರಯಾಣಭೀತಿ ಎಂದರೆ ಸಾಕುಬೆಕ್ಕನ್ನು ಕಾರು, ಆಟೊ ಮೊದಲಾದ ವಾಹನಗಳಲ್ಲಿ ಕರೆದೊಯ್ಯುವಾಗ ಅದು ತೋರುವ ತೀವ್ರ ಕಳವಳ. ಅರಚುವುದು, ಜೊಲ್ಲು ಸುರಿಸುವುದು, ವಾಂತಿ ಮಾಡುವುದು, ಕುಳಿತಲ್ಲೇ ಮಲಮೂತ್ರ ವಿಸರ್ಜಿಸುವುದು ಇದರ ಹೊರಲಕ್ಷಣಗಳು. ಭಯಕ್ಕೆ ವಾಹನವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅನೇಕ ಬೆಕ್ಕುಗಳಲ್ಲಿ ಭಯವು ವಾಹನ ಹತ್ತುವ ಮೊದಲೇ, ಬುಟ್ಟಿಯನ್ನು ಅಟ್ಟದಿಂದ ಇಳಿಸಿದ ಕ್ಷಣದಲ್ಲೇ ಆರಂಭವಾಗುತ್ತದೆ. ಆದ್ದರಿಂದ ಅದರ ಪರಿಹಾರವೂ ರಸ್ತೆಯ ಮೇಲಲ್ಲ, ಪ್ರಯಾಣಕ್ಕೆ ಹಲವು ವಾರಗಳ ಮೊದಲು ಮನೆಯೊಳಗೇ ಆರಂಭವಾಗಬೇಕಾಗುತ್ತದೆ.

ಮಹತ್ವ

ನಗರದ ಬೆಕ್ಕು ಮನೆ ಬಿಟ್ಟು ಹೊರಡುವುದು ಬಹುಮಟ್ಟಿಗೆ ಪಶುವೈದ್ಯರ ಬಳಿಗೆ. ಮೊದಲ ಪ್ರಯಾಣದಲ್ಲಿ ಬೆಕ್ಕು ಪಟ್ಟ ಪಾಡನ್ನು ಕಂಡವರು ಮುಂದಿನ ಬಾರಿ ಹಿಂಜರಿಯುತ್ತಾರೆ. ವರ್ಷಕ್ಕೊಮ್ಮೆ ಹಾಕಿಸಬೇಕಾದ ರೇಬಿಸ್ ಲಸಿಕೆ ತಪ್ಪುತ್ತದೆ, ಹಲ್ಲು ಮತ್ತು ಮೂತ್ರಪಿಂಡದ ತೊಂದರೆಗಳು ತಡವಾಗಿ ತಿಳಿಯುತ್ತವೆ. ಗಂಡುಬೆಕ್ಕುಗಳಲ್ಲಿ ಕಾಣಿಸಿಕೊಳ್ಳುವ ಮೂತ್ರನಾಳದ ತಡೆ ಇದಕ್ಕೆ ಕಠಿಣವಾದ ಉದಾಹರಣೆ. ಮೂತ್ರ ಪೂರ್ಣವಾಗಿ ಕಟ್ಟಿದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ಅಂಥ ಹೊತ್ತಿನಲ್ಲಿ ಮಂಚದ ಕೆಳಗೆ ಅವಿತ ಬೆಕ್ಕನ್ನು ಹಿಡಿಯಲು ಕಳೆಯುವ ಸಮಯವೆಲ್ಲ ಚಿಕಿತ್ಸೆಯ ಸಮಯದಿಂದ ಕಳೆದಂತೆಯೇ. ಬುಟ್ಟಿಯ ಅಭ್ಯಾಸವಿರುವ ಬೆಕ್ಕು ಬದುಕಿ ಉಳಿಯುವ ಸಾಧ್ಯತೆ ಹೆಚ್ಚು ಎಂದರೆ ಅತಿಶಯೋಕ್ತಿಯಾಗದು.

ಕಾರಣಗಳು

ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂಬ ಮಾತು ರೂಢಿಯಲ್ಲಿದೆ. ಬೆಕ್ಕಿಗೆ ಮನುಷ್ಯರ ಮೇಲೆ ಪ್ರೀತಿಯಿಲ್ಲವೆಂಬ ಅರ್ಥದಲ್ಲಿ ಅದನ್ನು ತೆಗೆದುಕೊಳ್ಳುವುದು ತಪ್ಪಾದರೂ, ನೆಲೆಯ ವಿಷಯದಲ್ಲಿ ಆ ಮಾತು ನಿಜ. ಬೆಕ್ಕು ತನ್ನ ಕೆನ್ನೆಯನ್ನು ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ಸಾಕಿದವರ ಕಾಲುಗಳಿಗೆ ಉಜ್ಜಿ ವಾಸನೆಯ ಗುರುತುಗಳನ್ನು ಬಿಡುತ್ತದೆ. ಆ ಗುರುತುಗಳಿರುವ ಜಾಗ ಅದರ ಪಾಲಿಗೆ ಸುರಕ್ಷಿತ. ವಾಹನದೊಳಗೆ ಅಂಥ ಗುರುತು ಒಂದೂ ಇರುವುದಿಲ್ಲ. ಪೆಟ್ರೋಲ್, ಪ್ಲಾಸ್ಟಿಕ್ ಮತ್ತು ಸುಗಂಧದ್ರವ್ಯದ ವಾಸನೆಗಳು ಮಾತ್ರ ಇರುತ್ತವೆ. ಮನುಷ್ಯನ ಕಿವಿಗೆ ಸುಮಾರು 20 ಕಿಲೊಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ ಬೆಕ್ಕಿಗೆ ಸುಮಾರು 64 ಕಿಲೊಹರ್ಟ್ಸ್‌ವರೆಗೂ ಕೇಳಿಸುತ್ತದೆ. ಬ್ರೇಕಿನ ಕೀರಲು, ಎಂಜಿನ್ನಿನ ಸೀಟಿ ಅದಕ್ಕೆ ಎಷ್ಟು ಕರ್ಕಶವಾಗಿರಬಹುದೆಂಬುದನ್ನು ಇದರಿಂದ ಊಹಿಸಬಹುದು.

ಎರಡನೆಯ ಕಾರಣ ದೇಹಕ್ಕೆ ಸಂಬಂಧಿಸಿದುದು. ಒಳಗಿವಿಯ ಸಮತೋಲನ ಅಂಗವು ಚಲನೆಯನ್ನು ಗುರುತಿಸುತ್ತಿರುವಾಗ ಕಣ್ಣಿಗೆ ಬುಟ್ಟಿಯ ನಿಶ್ಚಲ ಗೋಡೆ ಮಾತ್ರ ಕಾಣುವುದರಿಂದ ಓಕರಿಕೆ ಉಂಟಾಗುತ್ತದೆ. ಜೊಲ್ಲು ಮತ್ತು ವಾಂತಿ ಭಯದಿಂದಲೂ ಬರಬಹುದು, ಈ ಚಲನಬೇನೆಯಿಂದಲೂ ಬರಬಹುದು. ಎಂಜಿನ್ ಚಾಲೂ ಆಗುವ ಮೊದಲೇ ಜೊಲ್ಲು ಸುರಿಯತೊಡಗಿದರೆ ಅದು ಭಯ; ತಿರುವುಗಳನ್ನು ದಾಟಿದ ಮೇಲೆ ಆರಂಭವಾದರೆ ಚಲನಬೇನೆಯ ಸಂಭವ ಹೆಚ್ಚು.

ಮೂರನೆಯದು ಕಲಿತ ಭಯ. ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ಹೊರಬರುವ ಬುಟ್ಟಿ, ಪ್ರತಿ ಬಾರಿಯೂ ಸೂಜಿಯಲ್ಲೇ ಕೊನೆಗೊಳ್ಳುವ ಪ್ರಯಾಣ, ಇವೆರಡರ ನಂಟನ್ನು ಬೆಕ್ಕು ಬೇಗ ಕಲಿಯುತ್ತದೆ, ನಿಧಾನವಾಗಿ ಮರೆಯುತ್ತದೆ.

ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ನಂಬಿಕೆ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಹಾಗೆ ಕೊಂಡೊಯ್ಯುವಾಗ ಕತ್ತಿನ ಹಿಂಭಾಗವನ್ನು ತಾಯಿ ಕಚ್ಚಿ ಹಿಡಿದರೆ ಮರಿ ಕೈಕಾಲು ಮಡಚಿ ಸುಮ್ಮನಾಗುತ್ತದೆ. ಶ್ರೀವೈಷ್ಣವರ ತೆಂಗಲೆ ಪರಂಪರೆಯಲ್ಲಿ ಶರಣಾಗತಿಯನ್ನು ವಿವರಿಸುವ ಮಾರ್ಜಾಲಕಿಶೋರ ನ್ಯಾಯವು ಈ ದೃಶ್ಯವನ್ನೇ ಆಧರಿಸಿದೆ. ಬೆಳೆದ ಬೆಕ್ಕಿಗೆ ಇದು ಅನ್ವಯಿಸದು. ಅದನ್ನು ಕತ್ತಿನ ಚರ್ಮ ಹಿಡಿದು ಎತ್ತಿದರೆ ನೋವೂ ಭಯವೂ ಹೆಚ್ಚುತ್ತವೆ. ಎದೆಯ ಕೆಳಗೊಂದು, ಹಿಂಗಾಲುಗಳ ಕೆಳಗೊಂದು ಕೈಯಿಟ್ಟು ಎತ್ತುವುದು ಸರಿಯಾದ ಕ್ರಮ.

ಲಕ್ಷಣಗಳು

ದೀರ್ಘವಾಗಿ ಅರಚುವುದು, ಬುಟ್ಟಿಯ ಬಾಗಿಲನ್ನು ಕೆರೆಯುವುದು, ಕಣ್ಣಿನ ಪಾಪೆ ಅಗಲವಾಗುವುದು, ಕಿವಿಗಳು ತಲೆಗೆ ಅಂಟಿದಂತೆ ಚಪ್ಪಟೆಯಾಗುವುದು ಸುಲಭವಾಗಿ ಕಾಣುವ ಲಕ್ಷಣಗಳು. ಇವುಗಳಿಗಿಂತ ತಪ್ಪಾಗಿ ಗ್ರಹಿಸಲ್ಪಡುವುದು ಮೌನ. ಬುಟ್ಟಿಯ ಮೂಲೆಯಲ್ಲಿ ಮುದುಡಿ, ಕಣ್ಣು ಮಿಟುಕಿಸದೆ, ಸದ್ದಿಲ್ಲದೆ ಕುಳಿತ ಬೆಕ್ಕನ್ನು ಶಾಂತವಾಗಿದೆ ಎಂದುಕೊಳ್ಳುವವರು ಅನೇಕರು; ಅದು ಅರಚುವ ಬೆಕ್ಕಿನಷ್ಟೇ ಹೆದರಿರಬಹುದು. ನಿಜವಾಗಿ ನೆಮ್ಮದಿಯಾಗಿರುವ ಬೆಕ್ಕು ಮೈಸಡಿಲಿಸಿ ಒರಗುತ್ತದೆ, ಕೊಟ್ಟ ತಿನಿಸನ್ನು ಮೂಸಿಯಾದರೂ ನೋಡುತ್ತದೆ.

ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಡುವುದು ಬೆಕ್ಕಿನಲ್ಲಿ ಸಹಜವಲ್ಲ. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ ಗಾಳಿಯಾಡಲು ಬಿಟ್ಟ ಮೇಲೂ ಅದು ಕೆಲವು ನಿಮಿಷಗಳಲ್ಲಿ ನಿಲ್ಲದಿದ್ದರೆ ಹೃದಯ, ಶ್ವಾಸಕೋಶದ ತೊಂದರೆ ಅಥವಾ ಉಷ್ಣಾಘಾತವಿರಬಹುದಾದ್ದರಿಂದ ಕೂಡಲೇ ವೈದ್ಯರನ್ನು ಕಾಣಬೇಕು.

ಅಭ್ಯಾಸ ಮಾಡಿಸುವ ಕ್ರಮ

ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 22 ಬೆಕ್ಕುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ವಾರಗಳ ಕಾಲ ಬುಟ್ಟಿಯ ತರಬೇತಿ ನೀಡಲಾಯಿತು. ತರಬೇತಿ ಪಡೆದ ಬೆಕ್ಕುಗಳು ಕಾರಿನಲ್ಲಿ ಕಡಿಮೆ ಒತ್ತಡ ತೋರಿದವು. ವೈದ್ಯರ ತಪಾಸಣೆಯೂ ಬೇಗ ಮುಗಿಯಿತು. ಕೆಳಗಿನ ಕ್ರಮದ ಹಿಂದಿರುವ ತತ್ತ್ವವೂ ಇದೇ: ಪ್ರತಿ ಹಂತವನ್ನೂ ಬೆಕ್ಕಿಗೆ ಇಷ್ಟವಾದ ತಿನಿಸಿನೊಂದಿಗೆ ಜೋಡಿಸುವುದು, ಭಯ ಕಂಡರೆ ಹಿಂದಿನ ಹಂತಕ್ಕೆ ಮರಳುವುದು.

ಅಂಗಡಿಗಳಲ್ಲಿ ಕ್ಯಾರಿಯರ್ ಎಂಬ ಹೆಸರಿನಲ್ಲಿ ದೊರೆಯುವ ಗಟ್ಟಿ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಮೇಲಿನ ಅರ್ಧವನ್ನು ಬಿಚ್ಚಬಹುದಾದುದು ಉತ್ತಮ. ವೈದ್ಯರು ಮುಚ್ಚಳ ತೆಗೆದು, ಬೆಕ್ಕನ್ನು ಅದರ ಹಾಸಿಗೆಯ ಮೇಲೆಯೇ ಇರಿಸಿಕೊಂಡು ಪರೀಕ್ಷಿಸಬಹುದು. ಬೆಕ್ಕು ಒಳಗೆ ನಿಂತು ತಿರುಗಲು ಸಾಧ್ಯವಾಗುವಷ್ಟು ಅಳತೆ ಸಾಕು. ತೀರ ದೊಡ್ಡದಾದರೆ ಪ್ರತಿ ತಿರುವಿನಲ್ಲೂ ಬೆಕ್ಕು ಜಾರುತ್ತದೆ. ತರಕಾರಿ ಬುಟ್ಟಿ, ರಟ್ಟಿನ ಡಬ್ಬಿ, ಗೋಣಿಚೀಲಗಳು ಸುರಕ್ಷಿತವಲ್ಲ. ಬೇಡವಾದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟುಬರುತ್ತಿದ್ದ ಹಳೆಯ ಪದ್ಧತಿಯು ಸಾಕುವ ಬೆಕ್ಕಿನ ಪ್ರಯಾಣಕ್ಕೆ ಮಾದರಿಯಾಗಬಾರದು.

ಮೊದಲು ಬುಟ್ಟಿಯ ಬಾಗಿಲನ್ನು ಕಳಚಿ, ಬೆಕ್ಕು ಸಾಮಾನ್ಯವಾಗಿ ಮಲಗುವ ಮೂಲೆಯಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಖಾಯಂ ಆಗಿ ಇಡಬೇಕು. ಒಳಗೆ ಹಳೆಯ ಹತ್ತಿ ಸೀರೆಯ ತುಂಡನ್ನು ಹಾಸಬಹುದು. ಮನೆಯವರು ಉಟ್ಟು ಮಾಸಿದ ಬಟ್ಟೆಯಾದರೆ ಹೆಚ್ಚು ಒಳ್ಳೆಯದು, ಒಗೆದುದು ಬೇಡ. ಊಟದ ತಟ್ಟೆಯನ್ನು ಮೊದಲು ಬುಟ್ಟಿಯ ಪಕ್ಕದಲ್ಲಿ, ನಂತರ ಬಾಗಿಲಲ್ಲಿ, ಕೊನೆಗೆ ಒಳಗೆ ಇಡಬೇಕು. ಬೆಕ್ಕು ತಾನಾಗಿ ಒಳಗೆ ಹೋಗಿ ನಿದ್ದೆ ಮಾಡತೊಡಗಿದರೆ ಕೆಲಸದ ಅರ್ಧ ಭಾಗ ಮುಗಿದಂತೆ. ಕೆಲವು ಬೆಕ್ಕುಗಳಿಗೆ ಇದಕ್ಕೆ ಮೂರು ದಿನ ಸಾಕು, ಕೆಲವಕ್ಕೆ ತಿಂಗಳು ಬೇಕು. ತಳ್ಳಿ ಒಳಗೆ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಆಮೇಲೆ ಬಾಗಿಲು ಜೋಡಿಸಿ ಕೆಲವು ಕ್ಷಣ ಮುಚ್ಚಿ ತೆರೆಯುವುದು, ಬುಟ್ಟಿಯನ್ನು ಎತ್ತಿ ಇಳಿಸುವುದು, ಹೊಸಿಲಿನವರೆಗೆ ಒಯ್ದು ಹಿಂದಿರುಗುವುದು. ಎತ್ತುವಾಗ ಹಿಡಿಯಲ್ಲಿ ತೂಗಾಡಿಸದೆ ಎರಡೂ ಕೈಗಳಿಂದ ತಳವನ್ನು ಆಧರಿಸಬೇಕು. ಇದಾದ ಮೇಲೆ ನಿಂತ ಕಾರಿನಲ್ಲಿ ಐದು ನಿಮಿಷ, ಎಂಜಿನ್ ಚಾಲೂ ಮಾಡಿ ಎರಡು ನಿಮಿಷ, ಬಳಿಕ ಬೀದಿಯ ಒಂದು ಸುತ್ತು. ರಾಜಾಜಿನಗರ, ಬಸವೇಶ್ವರನಗರಗಳಂತೆ ಮೇನ್ ಮತ್ತು ಕ್ರಾಸ್‌ಗಳಾಗಿ ವಿಂಗಡಿಸಿದ ಬಡಾವಣೆಗಳಲ್ಲಿ ಭಾನುವಾರದ ಬೆಳಗ್ಗೆ ಎರಡು ಕ್ರಾಸ್ ಸುತ್ತಿ ಮನೆಗೆ ಮರಳುವುದು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಈ ಪ್ರಯಾಣಗಳು ಮನೆಯಲ್ಲೇ, ತಿನಿಸಿನೊಂದಿಗೆ ಮುಗಿಯಬೇಕು. ಪ್ರತಿ ಸವಾರಿಯೂ ಆಸ್ಪತ್ರೆಗಲ್ಲ ಎಂಬುದು ಬೆಕ್ಕಿಗೆ ಮನವರಿಕೆಯಾಗುವುದು ಹೀಗೆ.

ಮರಿಗಳಿಗೆ ಕಲಿಸುವುದು ಸುಲಭ. ಹೊಸದನ್ನು ಹೆದರಿಕೆಯಿಲ್ಲದೆ ಸ್ವೀಕರಿಸುವ ಅವಧಿ ಅವುಗಳಲ್ಲಿ ಸುಮಾರು ಎರಡರಿಂದ ಏಳನೆಯ ವಾರದವರೆಗೆ ಇರುತ್ತದೆ.

ಪ್ರಯಾಣದ ದಿನ

ಹೊರಡುವ ಮೂರು ನಾಲ್ಕು ಗಂಟೆಗಳ ಮೊದಲು ಊಟ ನಿಲ್ಲಿಸಿ ನೀರನ್ನು ಮಾತ್ರ ಇಡಬೇಕು. ಎಳೆಯ ಮರಿಗಳನ್ನು ಅಷ್ಟು ಹೊತ್ತು ಹಸಿವಿನಲ್ಲಿಡಬಾರದು. ಸಕ್ಕರೆ ಕಾಯಿಲೆಯಿರುವ ಬೆಕ್ಕುಗಳ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಸಮಾಧಾನಕ್ಕೆಂದು ಹಾಲು ಕುಡಿಸುವ ರೂಢಿ ಅನೇಕ ಮನೆಗಳಲ್ಲಿದೆ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕಡಿಮೆಯಾದ್ದರಿಂದ ಅದು ಭೇದಿಗೆ ಕಾರಣವಾಗಬಹುದು.

ಮೃದುವಾದ ಬಟ್ಟೆಯಿಂದ ಬೆಕ್ಕಿನ ಕೆನ್ನೆಯನ್ನು ಸವರಿ ಆ ಬಟ್ಟೆಯನ್ನು ಬುಟ್ಟಿಯಲ್ಲಿರಿಸಿದರೆ ಅದರದೇ ವಾಸನೆ ಜೊತೆಗಿರುತ್ತದೆ. ಇದೇ ಕೆನ್ನೆಯ ಸ್ರಾವವನ್ನು ಅನುಕರಿಸುವ ಕೃತಕ ಫೆರೊಮೋನ್ ಸಿಂಪಡಣೆಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಪರಿಣಾಮದ ಕುರಿತ ಅಧ್ಯಯನಗಳು ಏಕಾಭಿಪ್ರಾಯಕ್ಕೆ ಬಂದಿಲ್ಲ. ಬುಟ್ಟಿಯನ್ನು ಕಾರಿನ ಮುಂದಿನ ಆಸನದ ಹಿಂದೆ ನೆಲದ ಮೇಲೆ ಅಲುಗದಂತೆ ಇರಿಸಿ, ತೆಳುವಾದ ಹತ್ತಿ ಬಟ್ಟೆಯಿಂದ ಮೂರು ಬದಿ ಮುಚ್ಚಬೇಕು. ಒಂದು ಬದಿ ಗಾಳಿಗೆ ತೆರೆದಿರಬೇಕು. ಬೆಕ್ಕನ್ನು ವಾಹನದೊಳಗೆ ಬಿಡುವುದು ಎಂದೂ ಸಲ್ಲದು: ಹೆದರಿದ ಬೆಕ್ಕು ಸಾಮಾನ್ಯವಾಗಿ ನುಸುಳುವುದು ಚಾಲಕನ ಕಾಲಬುಡಕ್ಕೆ, ಬ್ರೇಕಿನ ಕೆಳಕ್ಕೆ. ನಿಲ್ಲಿಸಿದ ಕಾರಿನಲ್ಲಿ ಅದನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಕಿಟಕಿ ಸ್ವಲ್ಪ ತೆರೆದಿದ್ದರೂ ಬಿಸಿಲಿನಲ್ಲಿ ಹತ್ತು ನಿಮಿಷಗಳೊಳಗೆ ಒಳಗಿನ ಶಾಖ ಅಪಾಯದ ಮಟ್ಟಕ್ಕೇರಬಹುದು.

ಪಶ್ಚಿಮ ಬೆಂಗಳೂರಿನಲ್ಲಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ಖಾಸಗಿ ಪಶುಚಿಕಿತ್ಸಾಲಯಗಳಿದ್ದರೂ ವಿಶೇಷ ಚಿಕಿತ್ಸೆಗಾಗಿ 1958ರಲ್ಲಿ ಸ್ಥಾಪನೆಯಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವವರಿದ್ದಾರೆ. ಕೆಂಗೇರಿಯಿಂದ ಅದು ನಗರದ ಇನ್ನೊಂದು ತುದಿ. ಮೈಸೂರು ರಸ್ತೆಯ ನಾಯಂಡಹಳ್ಳಿ, ಮಾಗಡಿ ರಸ್ತೆಯ ಸುಮನಹಳ್ಳಿ, ವೆಸ್ಟ್ ಆಫ್ ಕಾರ್ಡ್ ರಸ್ತೆಗಳ ದಟ್ಟಣೆಯಲ್ಲಿ ವಾಹನ ಹೆಜ್ಜೆಹೆಜ್ಜೆಗೂ ನಿಂತು ಹೊರಡುತ್ತದೆ. ಸಮವೇಗದ ಓಟಕ್ಕಿಂತ ಈ ನಿಂತು ಹೊರಡುವ ಚಲನೆಯೂ ರಸ್ತೆ ಉಬ್ಬುಗಳೂ ಓಕರಿಕೆಯನ್ನು ಹೆಚ್ಚಿಸುತ್ತವೆ. ಬೆಳಗಿನ ಮೊದಲ ಹೊತ್ತನ್ನು ವೈದ್ಯರ ಬಳಿ ಗೊತ್ತುಪಡಿಸಿಕೊಂಡು ಏಳು ಗಂಟೆಯ ಸುಮಾರಿಗೆ ಹೊರಡುವುದು ಬೆಕ್ಕಿಗೆ ಯಾವ ಔಷಧಕ್ಕೂ ಕಡಿಮೆಯಲ್ಲದ ಉಪಕಾರ.

ನಮ್ಮ ಮೆಟ್ರೊದ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಯನ್ನು ತಲುಪಿತಾದರೂ ಅದರಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಕಾರಿಲ್ಲದವರಿಗೆ ಆಟೊವೇ ಗತಿ. ಆಟೊ ಎರಡೂ ಬದಿ ತೆರೆದಿರುತ್ತದೆ, ಎಂಜಿನ್ ಪ್ರಯಾಣಿಕರ ಬೆನ್ನ ಹಿಂದೆಯೇ ಇರುತ್ತದೆ. ಬುಟ್ಟಿಯನ್ನು ಆಸನದ ಮೇಲಿಡದೆ ತೊಡೆಯ ಮೇಲಿರಿಸಿ ಎರಡೂ ಕೈಗಳಿಂದ ಹಿಡಿದರೆ ಕುಲುಕಾಟವನ್ನು ದೇಹವೇ ಬಹಳಷ್ಟು ತಡೆಯುತ್ತದೆ. ಬುಟ್ಟಿಯ ಕೊಂಡಿಗಳ ಮೇಲೆ ಒಂದು ಹಗ್ಗವನ್ನೂ ಸುತ್ತಿರುವುದು ಕ್ಷೇಮ. ಸಿಗ್ನಲ್‌ನಲ್ಲಿ ಬಾಗಿಲು ಕಳಚಿ ಜಿಗಿದ ಬೆಕ್ಕು ಮತ್ತೆ ಸಿಗುವುದು ಅಪರೂಪ. ದ್ವಿಚಕ್ರ ವಾಹನದಲ್ಲಿ ಬೆನ್ನಚೀಲದೊಳಗೆ ಬೆಕ್ಕನ್ನು ಒಯ್ಯುವುದು ಈಚೆಗೆ ಹೆಚ್ಚಾಗಿದೆ. ಪಾರದರ್ಶಕ ಗುಮ್ಮಟವಿರುವ ಚೀಲಗಳು ಬಿಸಿಲಿನಲ್ಲಿ ಬೇಗ ಕಾಯುತ್ತವೆ, ಬೆಕ್ಕಿಗೆ ಅವಿತುಕೊಳ್ಳಲು ಮರೆಯನ್ನೂ ಕೊಡುವುದಿಲ್ಲ.

ಬಾಡಿಗೆ ಮನೆ ಬದಲಿಸುವುದು ಈ ಭಾಗದಲ್ಲಿ ಬೆಕ್ಕು ಪ್ರಯಾಣಿಸುವ ಮತ್ತೊಂದು ಸಂದರ್ಭ. ಸಾಮಾನು ಕಟ್ಟುವ ಗದ್ದಲ ಆರಂಭವಾಗುವ ಮೊದಲೇ ಬೆಕ್ಕನ್ನು ಒಂದು ಕೋಣೆಯಲ್ಲಿ ಬುಟ್ಟಿ, ನೀರು, ಮರಳಿನ ತಟ್ಟೆಯೊಂದಿಗೆ ಇರಿಸಿ ಬಾಗಿಲು ಹಾಕಬೇಕು. ಹೊಸ ಮನೆಯಲ್ಲಿ ಹಾಲುಕ್ಕಿಸಿ, ಹೋಮದ ಹೊಗೆ ತಿಳಿಯಾಗಿ, ನೆಂಟರು ಹೊರಟ ಮೇಲೆ ಬೆಕ್ಕನ್ನು ತರುವುದು ಮೇಲು. ಎರಡು ಮೂರು ವಾರ ಹೊರಗೆ ಬಿಡಬಾರದು. ವಿಜಯನಗರದಿಂದ ಅತ್ತಿಗುಪ್ಪೆಗೆ ಹೋದಷ್ಟು ಅಲ್ಪ ದೂರವಾದರೆ ಬೆಕ್ಕು ಹಳೆಯ ಮನೆಯನ್ನೇ ಹುಡುಕಿ ಹೊರಡಬಹುದು, ನಡುವೆ ದೊಡ್ಡ ರಸ್ತೆಗಳಿವೆ.

ಔಷಧಗಳು

ಅಭ್ಯಾಸಕ್ಕೆ ಸಮಯವಿಲ್ಲದಾಗ ಅಥವಾ ಭಯ ತೀವ್ರವಾಗಿದ್ದಾಗ ಪಶುವೈದ್ಯರು ಗ್ಯಾಬಪೆಂಟಿನ್ ಸೂಚಿಸುವುದುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯಾಣಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ನೀಡಿದ ಒಂದೇ ಪ್ರಮಾಣದ ಗ್ಯಾಬಪೆಂಟಿನ್ ಬೆಕ್ಕುಗಳ ಒತ್ತಡವನ್ನು ತಗ್ಗಿಸಿತು. ತೂಕಡಿಕೆ ಮತ್ತು ಓಲಾಟ ಇದರ ಅಡ್ಡಪರಿಣಾಮಗಳು. ಮೂತ್ರಪಿಂಡದ ಕಾಯಿಲೆಯಿದ್ದರೆ ಪ್ರಮಾಣ ಬದಲಾಗುತ್ತದೆ. ಓಕರಿಕೆಗೆ ಮಾರೊಪಿಟೆಂಟ್ ಬಳಕೆಯಲ್ಲಿದೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಅಸಿಪ್ರೊಮಝೀನ್ ಮೈಯನ್ನು ಜಡಗೊಳಿಸುತ್ತದೆಯೇ ಹೊರತು ಭಯವನ್ನು ಕಳೆಯುವುದಿಲ್ಲವಾದ್ದರಿಂದ ಅದನ್ನು ಒಂದನ್ನೇ ಕೊಡುವುದು ಈಗ ಕಡಿಮೆಯಾಗಿದೆ.

ಮನುಷ್ಯರ ಔಷಧಗಳನ್ನು ಮನೆಯಲ್ಲೇ ಅಳೆದು ಕೊಡುವುದು ಅಪಾಯಕರ. ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ ವಿಷ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು. ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಮುಲಾಮುಗಳನ್ನು ಬುಟ್ಟಿಗೆ ಸವರುವುದೂ ಹಾನಿಕರ. ಇಂಥ ವಸ್ತುಗಳನ್ನು ವಿಸರ್ಜಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ.

ಕಾನೂನು

ಪ್ರಾಣಿಗಳನ್ನು ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಅಪರಾಧ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ ಮತ್ತು ಬೆಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವಿದ್ದು, ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವನ್ನು ಅದು ಅಪೇಕ್ಷಿಸುತ್ತದೆ.

ಮರಳಿದ ನಂತರ

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಆಸ್ಪತ್ರೆಯ ವಾಸನೆ ಹೊತ್ತು ಬಂದ ಬೆಕ್ಕನ್ನು ಅವು ಗುರುತಿಸದೆ ಬುಸುಗುಟ್ಟಬಹುದು. ಅದನ್ನು ಕೆಲವು ಗಂಟೆ, ಅಗತ್ಯವಾದರೆ ಒಂದು ರಾತ್ರಿ, ಪ್ರತ್ಯೇಕ ಕೋಣೆಯಲ್ಲಿ ಇರಿಸಬೇಕು. ಮೈ ನೆಕ್ಕಿಕೊಂಡು ಮನೆಯ ವಾಸನೆ ಮರಳಿದ ಮೇಲೆ ಜಗಳ ಸಾಮಾನ್ಯವಾಗಿ ಶಮನವಾಗುತ್ತದೆ. ಬುಟ್ಟಿಯನ್ನು ಒರೆಸಿ, ಹಾಸು ಬದಲಿಸಿ, ಅಟ್ಟಕ್ಕೇರಿಸದೆ ಮತ್ತೆ ಅದೇ ಬಿಸಿಲಿನ ಮೂಲೆಯಲ್ಲಿ ತೆರೆದಿಡಬೇಕು.