ಕನ್ನಡ ಕರಾವಳಿಯಲ್ಲಿ ಪಾದ್ರಿ ಜೋಸೆಫ್ ವಾಜ್

ಕಾರ್ಕಳ ತಾಲೂಕಿನ ಬೆಳ್ಮಣ್ಣಿನ ಕಥೋಲಿಕ ಸಭೆಯು 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಪ್ರಾಂತಕ್ಕೆ ಸೇರಿದುದು. ಆ ಪ್ರಾಂತದ ಪ್ರಧಾನ ಇಗರ್ಜಿಯಿರುವುದು ಕಲ್ಯಾಣಪುರದಲ್ಲಿ. ಅಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಕೆಳದಿಯ ಅರಸರು ಪೋರ್ಚುಗೀಸರಿಗೆ 1678ರ ಒಪ್ಪಂದದಲ್ಲಿ ಅನುಮತಿಯಿತ್ತಿದ್ದರು. ಇದಾದ ಮೂರು ವರ್ಷಗಳಿಗೆ, ರಾಣಿ ಚೆನ್ನಮ್ಮಾಜಿಯ ಆಳಿಕೆಯಲ್ಲಿ, ಗೋವೆಯಿಂದ ಈ ಸೀಮೆಗೆ ಬಂದವರು ಪಾದ್ರಿ ಜೋಸೆಫ್ ವಾಜ್. ಸಿಂಹಳದ್ವೀಪದಲ್ಲಿ ಅವರು ನಡೆಯಿಸಿದ ಸೇವೆಯು ಲೋಕಪ್ರಸಿದ್ಧವಾಗಿದೆ. ಅದಕ್ಕೆ ಮುಂಚಿನ ಕನ್ನಡ ಕರಾವಳಿಯ ಮೂರು ವರ್ಷಗಳ ಕಡೆಗೆ ಚರಿತ್ರಕಾರರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಅವರ ವಿನಯವು ಮೊದಲು ಪರೀಕ್ಷೆಗೊಳಗಾದುದು ಇಲ್ಲಿಯೇ.

ವಾಜ್ ಅವರು 1651ರಲ್ಲಿ ಬೆಣಾವಲಿಯಲ್ಲಿ ಜನಿಸಿದರು. ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದವರು. ಗುರುದೀಕ್ಷೆ ಪಡೆದ ಮರುವರ್ಷ, 1677ರ ಆಗಸ್ಟ್ 5ರಂದು, ತಾವು ಕನ್ಯಾಮರಿಯಮ್ಮನವರ ಶಾಶ್ವತ ದಾಸರೆಂದು ಒಂದು ದಾಸ್ಯಪತ್ರವನ್ನು ಬರೆದು ಸಹಿ ಹಾಕಿದರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಗೋವೆಯಲ್ಲಿ ‘ದಾಸ’ನೆಂಬ ಮಾತು ಬರಿಯ ಅಲಂಕಾರವಾಗಿರಲಿಲ್ಲವೆಂಬುದನ್ನು ಓದುಗರು ನೆನೆಯಬೇಕು.

ಆ ಕಾಲಕ್ಕೆ ಕೆನರಾದ ಕ್ರೈಸ್ತರು ಎರಡು ಅಧಿಕಾರಗಳ ನಡುವೆ ಸಿಲುಕಿದ್ದರು. ಪೂರ್ವದೇಶದ ಇಗರ್ಜಿಗಳ ಮೇಲ್ವಿಚಾರಣೆಯು ಪದ್ರುವಾದೊ ಎಂಬ ಹಕ್ಕಿನಿಂದ ಪೋರ್ಚುಗಲಿನ ದೊರೆಗೆ ಸಂದಿತ್ತು. ಆದರೆ 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಪ್ರೊಪಗಾಂಡ ಮಂಡಲಿಯು ತನ್ನದೇ ಬಿಷಪರನ್ನು ಕಳುಹಿಸತೊಡಗಿತು. ಹಾಗೆ ನಿಯಮಿತರಾಗಿ ಮಂಗಳೂರಿನಲ್ಲಿದ್ದವರು ತೋಮಾಸ್ ದೆ ಕಾಸ್ತ್ರೊ. ಅವರ ಪ್ರಭಾವಕ್ಕೆ ಎದುರಾಗಿ ಗೋವೆಯವರು 1681ರಲ್ಲಿ ವಾಜ್ ಅವರನ್ನು ಅಧಿಕಾರಪತ್ರದೊಡನೆ ಕಳುಹಿಸಿದರು. ವಿಚಿತ್ರವೆಂದರೆ ಇಬ್ಬರೂ ಗೋವೆಯ ಮಣ್ಣಿನವರೇ, ಕೊಂಕಣಿಯ ಮಕ್ಕಳೇ. ಜಗಳ ಮಾತ್ರ ಲಿಸ್ಬನ್ನಿಗೂ ರೋಮಿಗೂ ಸೇರಿದ್ದು. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೆಂಬ ಸಂಶಯದಲ್ಲಿ ನೊಂದವರು ಸಾಮಾನ್ಯ ಜನರು.

ಅಧಿಕಾರ ಕೈಯಲ್ಲಿದ್ದವನು ಅದನ್ನು ಝಳಪಿಸುವುದು ಲೋಕರೂಢಿ. ವಾಜ್ ಅವರಾದರೋ ಎದುರುಪಕ್ಷದ ಬಿಷಪರನ್ನು ತಾವಾಗಿಯೇ ಕಂಡು ಒಡಂಬಡಿಕೆಯ ದಾರಿಯನ್ನು ಅರಸಿದರು. ಇದನ್ನು ಅಳುಕೆಂದು ಎಣಿಸುವವರು ಇರಬಹುದು. ಆದರೆ ಕಳುಹಿಸಿದವರಿಗೆ ಮೆಚ್ಚಿಕೆಯಾಗದ ಮಾತನ್ನು ಆಡುವುದಕ್ಕೆ ಅಳುಕುಳ್ಳವನಿಂದ ಸಾಧ್ಯವಿಲ್ಲ. ವಿವಾದವು ಅವರಿಂದ ತೀರಲಿಲ್ಲ, ಅವರ ತರುವಾಯವೂ ಬಹುಕಾಲ ನಡೆಯಿತು. ಅವರು ಮಾತ್ರ ಬಸ್ರೂರು, ಕುಂದಾಪುರ, ಗಂಗೊಳ್ಳಿ ಮುಂತಾದೆಡೆಗಳಲ್ಲಿ ಇಗರ್ಜಿಗಳನ್ನು ಎತ್ತಿನಿಲ್ಲಿಸಿ, ಮಕ್ಕಳಿಗೆ ಶಾಲೆಗಳನ್ನು ತೆರೆದು, ರೋಗಿಗಳ ಮನೆಗಳಿಗೆ ನಡೆದರು. 1684ರಲ್ಲಿ ಕಾಸ್ತ್ರೊ ಅವರು ತೀರಿಕೊಂಡರು; ಅದೇ ವರ್ಷ ವಾಜ್ ಅವರು ಗೋವೆಗೆ ಮರಳಿದರು.

ಮುಂದೆ ಅವರು ಪುನಃ ಇದೇ ಕರಾವಳಿಯನ್ನು ಹಾದು ತೆಂಕಣಕ್ಕೆ ನಡೆದರು. ಸಿಂಹಳದಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದುದರಿಂದ ಕೂಲಿಯಾಳಿನ ವೇಷದಲ್ಲಿ ಯಾಳ್ಪಾಣವನ್ನು ಸೇರಿದರು. 1692ರಲ್ಲಿ ಕ್ಯಾಂಡಿಯ ಅರಸನು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಅವರನ್ನು ಸೆರೆಯಲ್ಲಿಟ್ಟನು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿದಾಗ, ಬಂಧುಗಳೇ ಬಿಟ್ಟೋಡಿದ ರೋಗಿಗಳನ್ನು ಮತಭೇದವೆಣಿಸದೆ ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಆ ಬಳಿಕ ಅರಸನ ಸಂದೇಹವು ಗೌರವಕ್ಕೆಡೆಗೊಟ್ಟಿತು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಒಲ್ಲೆನೆಂದರು. ಪದವಿಗಳ ಜಗಳವನ್ನು ಮಂಗಳೂರಿನಲ್ಲಿ ಸಮೀಪದಿಂದ ಕಂಡವರಿಗೆ ಅದು ಕಷ್ಟದ ತ್ಯಾಗವಾಗಿರಲಿಕ್ಕಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಕಾಲವಾದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಹೆಸರಿನದೊಂದು ಐತಿಹ್ಯವಿದೆ. ಮರಣಾವಸ್ಥೆಯ ರೋಗಿಯೊಬ್ಬನಿರುವನೆಂದು ವೈರಿಗಳು ರಾತ್ರಿಯಲ್ಲಿ ಅವರನ್ನು ವಂಚಿಸಿ ಕರೆದೊಯ್ದರೆಂದೂ, ಅವರು ಊರುಗೋಲನ್ನು ಊರಿದಲ್ಲಿ ನೀರಿನ ಒರತೆಗಳು ಚಿಮ್ಮಿದುವೆಂದೂ ಜನರು ಹೇಳುವರು. ಒರತೆಗಳ ಮಾತನ್ನು ಚರಿತ್ರೆಯು ಅಳೆಯಲಾರದು. ರೋಗಿಯಿರುವನೆಂದರೆ ಈ ಪಾದ್ರಿಯು ನಡುರಾತ್ರಿಯಲ್ಲಿಯೂ ಎದ್ದು ಬರುವರೆಂಬುದನ್ನು ಮಾತ್ರ ಕಥೆಯ ವೈರಿಗಳು ಸಹ ಸಂದೇಹಿಸಲಿಲ್ಲ.