ಶಾಸನದಿಂದ ಗಣಕದವರೆಗೆ: ಮುಕ್ತ ತಂತ್ರಾಂಶದ ಆವೃತ್ತಿ ಬದಲಾವಣೆ ಮತ್ತು ಕನ್ನಡ ಪಠ್ಯದ ಬಾಳಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರು ಬಂಡೆಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಪ್ರಾಕೃತ ಭಾಷೆಯ ಈ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ಆದರೆ ಇವನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕಾಲಾಂತರದಲ್ಲಿ ಬ್ರಾಹ್ಮಿಯು ಕನ್ನಡವೂ ಸೇರಿದಂತೆ ಹಲವು ಲಿಪಿಗಳಾಗಿ ರೂಪಾಂತರ ಹೊಂದಿತು. ಮೂಲರೂಪವನ್ನು ಓದಬಲ್ಲವರು ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಓದನ್ನು ಸಾಧಿಸದೆ ಇದ್ದಿದ್ದರೆ ರೈಸ್ ಅವರಿಗೆ ದೊರೆತದ್ದು ಕೇವಲ ಗೆರೆಗಳಾಗಿರುತ್ತಿದ್ದವು. ಬರಹ ಉಳಿಯುವುದು ಬೇರೆ, ಬರಹದ ಓದು ಉಳಿಯುವುದು ಬೇರೆ ಎಂಬುದಕ್ಕೆ ಈ ಬಂಡೆಗಳು ಸಾಕ್ಷಿಯಾಗಿವೆ.

ಗಣಕದಲ್ಲಿ ಸಂಗ್ರಹವಾಗಿರುವ ಕನ್ನಡ ಪಠ್ಯಕ್ಕೂ ಇದೇ ಸ್ಥಿತಿ ಒದಗಿದೆ. ವ್ಯತ್ಯಾಸವೆಂದರೆ, ಅಲ್ಲಿ ಶತಮಾನಗಳು ಹಿಡಿದದ್ದು ಇಲ್ಲಿ ಹತ್ತು ಹದಿನೈದು ವರ್ಷಗಳಲ್ಲಿ ಸಂಭವಿಸಿತು. ಮೇಜಿನ ಗಣಕದ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವುದು ಮೇಲ್ನೋಟಕ್ಕೆ ತಂತ್ರಜ್ಞರ ಕೆಲಸ. ವಾಸ್ತವವಾಗಿ ಅದು ಒಂದು ಸಂಸ್ಥೆಯ ಅಥವಾ ಸಂಶೋಧಕನ ಸಂಗ್ರಹವು ಪರೀಕ್ಷೆಗೆ ಒಳಗಾಗುವ ಸಂದರ್ಭ. ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಗಳ ಚರಿತ್ರೆಯಲ್ಲಿ ಈ ಪರೀಕ್ಷೆಯ ಸ್ವರೂಪವು ಸ್ಪಷ್ಟವಾಗಿ ಕಾಣುತ್ತದೆ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಪ್ರಕಟಿಸಿದ ಗ್ನೂ ಯೋಜನೆ ಮತ್ತು ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ತಿರುಳು ಇವೆರಡರ ಕೂಡಿಕೆಯಿಂದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ರೂಪುಗೊಂಡವು. ಭಾರತೀಯ ಲಿಪಿಗಳ ಸಂಕೇತೀಕರಣದ ದೃಷ್ಟಿಯಿಂದಲೂ 1991 ಗಮನಾರ್ಹವಾದ ವರ್ಷ. ಭಾರತೀಯ ಮಾನಕ ಸಂಸ್ಥೆಯು ಇಸ್ಕೀ ಶಿಷ್ಟತೆಯನ್ನು ಪ್ರಕಟಿಸಿದ್ದು, ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು ಅದೇ ವರ್ಷ. ಯುನಿಕೋಡಿನಲ್ಲಿ ಕನ್ನಡಕ್ಕೂ ಪ್ರತ್ಯೇಕ ಸ್ಥಾನಗಳು ದೊರೆತವು. ಆದರೆ ಅಂದಿನ ಗಣಕಗಳು ಈ ಸಂಕೇತಗಳನ್ನು ಕನ್ನಡ ಅಕ್ಷರಗಳಾಗಿ ಮೂಡಿಸಲು ಸಮರ್ಥವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದವು 1998ರಲ್ಲಿ ಬಂದ ‘ಬರಹ’ ಮತ್ತು 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮುಂತಾದ ತಂತ್ರಾಂಶಗಳು. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವು ಇವುಗಳ ಮೂಲಕ ನಾಡಿನಾದ್ಯಂತ ರೂಢಿಗೆ ಬಂದಿತು. ಕಚೇರಿ, ಮುದ್ರಣಾಲಯ ಮತ್ತು ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಬೆರಳಚ್ಚು ಗಣಕಕ್ಕೆ ವರ್ಗಾವಣೆಯಾದದ್ದು ಈ ತಂತ್ರಾಂಶಗಳ ಕೊಡುಗೆ.

ಆದರೆ ಆ ಕಾಲದ ಪಠ್ಯದ ಒಳರಚನೆಯಲ್ಲಿ ಒಂದು ತೊಡಕು ಇತ್ತು. ಆಗ ಕಡತದಲ್ಲಿ ದಾಖಲಾಗುತ್ತಿದ್ದುದು ಕನ್ನಡದ ಅಕ್ಷರವಲ್ಲ, ಅಕ್ಷರದ ಆಕೃತಿಯ ತುಣುಕು. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ಗುಣಿತದ ರೂಪಗಳನ್ನು ಕೂಡಿಸಿ ಫಾಂಟುಗಳನ್ನು ಸಿದ್ಧಪಡಿಸಲಾಗುತ್ತಿತ್ತು. ಆ ಫಾಂಟು ಇರುವವರೆಗೆ ಪುಟದಲ್ಲಿ ಕನ್ನಡ ಕಾಣುತ್ತಿತ್ತು. ಫಾಂಟು ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಎದುರಾಗುತ್ತಿತ್ತು. ಫಾಂಟನ್ನು ಅಳವಡಿಸಿದರೂ ಪದವನ್ನು ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸಾಧ್ಯವಿರಲಿಲ್ಲ. ಏಕೆಂದರೆ ಗಣಕದ ಪಾಲಿಗೆ ಅದು ಕನ್ನಡವೇ ಆಗಿರಲಿಲ್ಲ. ವಿಂಡೋಸ್‌ಗಾಗಿ ರಚಿತವಾದ ಸಂಪಾದನ ತಂತ್ರಾಂಶವೂ ಮುಕ್ತ ವ್ಯವಸ್ಥೆಗೆ ಹೊಂದುತ್ತಿರಲಿಲ್ಲ.

ಯುನಿಕೋಡ್ ಪಠ್ಯದ ನಡವಳಿಕೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಕಡತದಲ್ಲಿರುವುದು ವ್ಯಂಜನ, ವಿರಾಮ, ಸ್ವರಚಿಹ್ನೆಗಳ ಅನುಕ್ರಮ. ಒತ್ತಕ್ಷರವನ್ನು ಕಟ್ಟುವ ಹೊಣೆ ವ್ಯವಸ್ಥೆಯ ಅಕ್ಷರ ಸಂಯೋಜಕದ್ದು. ಮುಕ್ತ ವ್ಯವಸ್ಥೆಗಳ ಮೊದಲ ಆವೃತ್ತಿಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದುದುಂಟು. ಪ್ಯಾಂಗೋ, ಅನಂತರ ಹಾರ್ಫ್‌ಬಜ್ ಎಂಬ ಸಂಯೋಜಕಗಳು ಬೆಳೆದಂತೆ ಆ ದೋಷಗಳು ಕಡಿಮೆಯಾದವು. 2013ರ ಲಿಬ್ರೆಆಫೀಸ್ 4.1 ಆವೃತ್ತಿಯು ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಅನ್ನು ಬಳಸಿಕೊಂಡಿತು. ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳೂ ಒದಗಿದವು. ಹೀಗೆ ಕಡತದಲ್ಲಿ ಒಂದು ಅಕ್ಷರವನ್ನೂ ಬದಲಿಸದೆ, ವ್ಯವಸ್ಥೆಯನ್ನು ಏರಿಸಿದ ಮಾತ್ರಕ್ಕೆ ಹಳೆಯ ಯುನಿಕೋಡ್ ಪಠ್ಯವು ಮೊದಲಿಗಿಂತ ಶುದ್ಧವಾಗಿ ಕಾಣಿಸಿಕೊಂಡಿತು. ಆಕೃತಿ ಸಂಕೇತದ ಪಠ್ಯವು ಪ್ರತಿ ಬದಲಾವಣೆಯಲ್ಲಿಯೂ ಕಳೆದುಕೊಳ್ಳುತ್ತದೆ, ಅಕ್ಷರ ಸಂಕೇತದ ಪಠ್ಯವು ಗಳಿಸಿಕೊಳ್ಳುತ್ತದೆ ಎಂಬುದು ಈ ಚರಿತ್ರೆಯ ಮುಖ್ಯ ತಿಳಿವಳಿಕೆ.

ಶಾಸನ ಮತ್ತು ಹಳಗನ್ನಡದ ಅಭ್ಯಾಸಿಗಳಿಗೆ ಇದು ಇನ್ನಷ್ಟು ಪ್ರಸ್ತುತ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಸೇರಿವೆ. ಇಂತಹ ಪಠ್ಯಗಳನ್ನು ಗಣಕಕ್ಕೆ ಅಳವಡಿಸುವಾಗ ಱ, ೞ ಅಕ್ಷರಗಳು ಅನಿವಾರ್ಯ. ೞಕಾರಕ್ಕೆ ಯುನಿಕೋಡಿನಲ್ಲಿ ಆರಂಭದಲ್ಲಿಯೇ ಸ್ಥಾನ ದೊರೆತರೂ ತಪ್ಪಾಗಿ ‘ಫ’ ಎಂಬ ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಹಳೆಯ ಬರಹಗಳಲ್ಲಿ ಬರುವ ನಕಾರ ಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಯುನಿಕೋಡಿಗೆ ಸೇರಿತು. ಹಳೆಯ ವ್ಯವಸ್ಥೆಯನ್ನೇ ನೆಚ್ಚಿಕೊಂಡ ಗಣಕದಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಪ್ರಾಚೀನ ಅಕ್ಷರವನ್ನು ಓದಲು ಹೊಸ ಆವೃತ್ತಿಯೇ ಬೇಕಾಗಿರುವುದು ಇಲ್ಲಿನ ವಿಶೇಷ.

ಮೌಖಿಕ ಪರಂಪರೆಯ ಸಂಗ್ರಹಗಳ ವಿಷಯದಲ್ಲಿ ನಷ್ಟದ ಸಾಧ್ಯತೆ ಹೆಚ್ಚು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ್ದರಿಂದ ಅವು ಗ್ರಂಥರೂಪದಲ್ಲಿ ಉಳಿದಿವೆ. ಆದರೆ ಕ್ಷೇತ್ರಕಾರ್ಯದ ಟಿಪ್ಪಣಿ, ಅಪ್ರಕಟಿತ ಪ್ರಬಂಧ, ಪಾಠಾಂತರಗಳ ಪಟ್ಟಿ ಮೊದಲಾದವು ಮುದ್ರಣ ಕಾಣದೆ ಕಡತಗಳಲ್ಲಿಯೇ ಇರುವುದು ಸಾಮಾನ್ಯ. ಹಾಡಿದವರು ಇಲ್ಲವಾದ ಮೇಲೆ ಆ ಕಡತವೇ ಏಕೈಕ ಆಧಾರ. ಶಿಲೆಯ ಮೇಲಿನ ಪಾಠವನ್ನು ಮತ್ತೊಮ್ಮೆ ಹೋಗಿ ಓದಬಹುದು. ಹಾಡಿನ ಪಾಠಕ್ಕೆ ಅಂತಹ ಅವಕಾಶವಿಲ್ಲ.

ಆವೃತ್ತಿ ಬದಲಾವಣೆಯ ಒತ್ತಡ ಹೊರಗಿನಿಂದಲೂ ಬರುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಇದ್ದ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2004ರ ಅಕ್ಟೋಬರಿನಲ್ಲಿ ಮೊದಲು ಬಿಡುಗಡೆಯಾದ ಉಬುಂಟುವು ಆರು ತಿಂಗಳಿಗೊಂದು ಆವೃತ್ತಿಯನ್ನು, ಎರಡು ವರ್ಷಕ್ಕೊಂದು ದೀರ್ಘಾವಧಿ ಆವೃತ್ತಿಯನ್ನು ನೀಡುತ್ತ ಬಂದಿದೆ. ದೀರ್ಘಾವಧಿ ಆವೃತ್ತಿಗೆ 2012ರಿಂದ ಮೇಜಿನ ಗಣಕಗಳಲ್ಲಿಯೂ ಐದು ವರ್ಷಗಳ ಬೆಂಬಲವಿದೆ. ಮುಕ್ತ ವ್ಯವಸ್ಥೆಗಳಲ್ಲಿ ಪರವಾನಗಿಯ ವೆಚ್ಚವಿಲ್ಲದಿದ್ದರೂ ಯಂತ್ರದ ಮಿತಿ ತಪ್ಪದು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಹಳೆಯ 32 ಬಿಟ್ ಗಣಕಗಳಿಗೆ ಅನುಸ್ಥಾಪಕವನ್ನು ನೀಡಲಿಲ್ಲ.

ಸಂಘಟಿತವಾಗಿ ಈ ಕಾರ್ಯ ನಡೆದಿರುವ ನಿದರ್ಶನ ಕೇರಳದ ಶಾಲೆಗಳಲ್ಲಿದೆ. ಅಲ್ಲಿನ ಐಟಿ@ಸ್ಕೂಲ್ ಯೋಜನೆ, ಮುಂದೆ 2017ರಲ್ಲಿ ಅದರಿಂದ ರೂಪುಗೊಂಡ ಕೈಟ್ ಸಂಸ್ಥೆ, ಶಾಲೆಗಳಿಗೆಂದೇ ಉಬುಂಟು ಆಧಾರಿತ ಆವೃತ್ತಿಗಳನ್ನು ಸಿದ್ಧಪಡಿಸಿದವು, 18.04ನ್ನು ಆಧರಿಸಿದ ಆವೃತ್ತಿ 2019ರಲ್ಲಿ ಹೊರಬಂದಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯಾಪ್ತಿಗೆ ಸೇರಿವೆ. ಕರ್ನಾಟಕದಲ್ಲಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವನ್ನು ಪರಿಚಯಿಸಿದವು.

ಆವೃತ್ತಿಯನ್ನು ಏರಿಸುವ ವಿಧಾನದಲ್ಲಿ ಕನ್ನಡ ಸಂಗ್ರಹಗಳಿಗೆ ಅಗತ್ಯವಾದ ಕ್ರಮಗಳು ಅನುಭವದಿಂದ ಸ್ಪಷ್ಟವಾಗಿವೆ. ಮೊದಲನೆಯದಾಗಿ, ಎಲ್ಲ ಕಡತಗಳನ್ನೂ ಅವು ಬಳಸಿದ ಫಾಂಟುಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಫಾಂಟೇ ಹಳೆಯ ಪಠ್ಯದ ಕೀಲಿಕೈ ಆದುದರಿಂದ ಅದನ್ನು ಬಿಡಲಾಗದು. ಎರಡನೆಯದಾಗಿ, ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಿಂದಲೇ ಚಾಲನೆ ಮಾಡಿ ಮುದ್ರಕ, ಫಾಂಟು, ಕೀಲಿಮಣೆಗಳನ್ನು ಪರೀಕ್ಷಿಸಬೇಕು. 2009ರ ಅಕ್ಟೋಬರಿನ ಉಬುಂಟು 9.10ರಲ್ಲಿ ಲಿಪಿ ಊಡಿಕೆಯ ವ್ಯವಸ್ಥೆಯು ಸ್ಕಿಮ್‌ನಿಂದ ಐಬಸ್‌ಗೆ ಬದಲಾಯಿತು. ಇಂತಹ ಸಂದರ್ಭಗಳಲ್ಲಿ ‘ಕಗಪ’ ವಿನ್ಯಾಸವನ್ನು ಮತ್ತೆ ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ. ಮೂರನೆಯದಾಗಿ, ಹಳೆಯ ವ್ಯವಸ್ಥೆ ಕೆಲಸ ಮಾಡುತ್ತಿರುವಾಗಲೇ ಆಕೃತಿ ಸಂಕೇತದ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ, ಎರಡನ್ನೂ ಎದುರುಬದುರಾಗಿಟ್ಟು ತಿದ್ದಬೇಕು. ಅರ್ಕಾವತ್ತು ಕಣ್ಣಿಗೆ ಅಕ್ಷರದ ಅನಂತರ ಕಂಡರೂ ಯುನಿಕೋಡಿನಲ್ಲಿ ರಕಾರವು ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿಯೂ ಹಳಗನ್ನಡದ ಅಕ್ಷರಗಳಲ್ಲಿಯೂ ತಪ್ಪುಗಳು ನುಸುಳುತ್ತವೆ. ಯಂತ್ರದ ಪರಿವರ್ತನೆಗೆ ಪಾಠಪರಿಷ್ಕರಣದ ಕಣ್ಣು ಜೊತೆಗಿರಬೇಕು.

2010ರ ದಶಕದಲ್ಲಿ ಕರ್ನಾಟಕ ಸರ್ಕಾರವೂ ಯುನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡುದರಿಂದ ಹೊಸದಾಗಿ ಸಿದ್ಧವಾಗುವ ಪಠ್ಯದ ಬಗೆಗೆ ಆತಂಕ ಕಡಿಮೆಯಾಗಿದೆ. ಉಳಿದಿರುವುದು ಅದಕ್ಕೆ ಹಿಂದಿನ ಸುಮಾರು ಎರಡು ದಶಕಗಳ ಸಂಗ್ರಹ. ಗ್ರಂಥಾಲಯಗಳು ಮತ್ತು ಅಧ್ಯಯನ ಪೀಠಗಳು ತಮ್ಮ ಹಳೆಯ ಗಣಕಗಳನ್ನು ವಿಲೇವಾರಿ ಮಾಡುವ ಮುನ್ನ ಅವುಗಳಲ್ಲಿರುವ ಕಡತಗಳ ಸಂಕೇತ ಯಾವುದು, ಫಾಂಟು ಯಾವುದು, ಪಾಠವನ್ನು ಸಂಗ್ರಹಿಸಿದವರು ಯಾರು ಎಂಬ ವಿವರಗಳೊಡನೆ ಸೂಚಿಯೊಂದನ್ನು ಸಿದ್ಧಪಡಿಸುವುದು ತುರ್ತಿನ ಕೆಲಸ. ಆ ಫಾಂಟುಗಳನ್ನು ಬಲ್ಲ ಬೆರಳಚ್ಚುಗಾರರೂ ಸಂಪಾದಕರೂ ಇನ್ನೂ ಇರುವಾಗಲೇ ಅದು ನಡೆದರೆ ಈ ಪಠ್ಯಗಳಿಗೆ ಮತ್ತೊಬ್ಬ ಪ್ರಿನ್ಸೆಪ್‌ನ ದಾರಿ ಕಾಯುವ ಅಗತ್ಯ ಬೀಳುವುದಿಲ್ಲ.